ಬಾಸ್ ಬೈಗುಳವೂ ‘ಫೀಡ್‌ಬ್ಯಾಕೂ’: ಕ್ರಿಯೇಟಿವ್ ಕಂಪನಿಯಲ್ಲಿ ಏಗುವುದು ಹೇಗೆ, ಬಿಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲಳಲ್ಲ, ಎಚ್‌ಆರ್ ಕೂಡ ಅಲ್ಲ. ಬೆಂಗಳೂರಿನ ಒಂದು ಜಾಹೀರಾತು ಮತ್ತು ವಿಡಿಯೊ ಕಂಪನಿಯಲ್ಲಿ ಮೂರು ವರ್ಷ ಎಂಟು ತಿಂಗಳು ಕನ್ನಡ ಕಾಪಿ (ಜಾಹೀರಾತಿನ ಮಾತುಗಳು) ಬರೆದವಳು. ಅಂದರೆ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮೂರು ವಾರ ಕೂತು ಕೆತ್ತಿದ ಜಾಹೀರಾತು ರಾತ್ರಿ ಒಂಬತ್ತೂವರೆಗೆ ನನ್ನ ಮೇಜಿಗೆ ಬರುತ್ತಿತ್ತು, ‘ಕನ್ನಡ ಅಡಾಪ್ಟೇಶನ್, ಬೆಳಗ್ಗೆ ಎಂಟಕ್ಕೆ ಬೇಕು’ ಅಂತ. ಕಂಪನಿಯ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಕೊನೆಯ ಹೊತ್ತಿಗೆ ಗೊತ್ತಾಗುತ್ತದೆ.

ಅಲ್ಲಿನ ಮೊದಲ ಎರಡು ವರ್ಷ ನಾನು ಒಂದು ತಪ್ಪು ಮಾಡಿದೆ. ದಿನವಿಡೀ ಸೋಪು, ಅಡುಗೆ ಎಣ್ಣೆ, ಚಿನ್ನದ ಸಾಲ ಅಂತ ಬೇರೆಯವರ ಬಗ್ಗೆ ಬರೆಯುತ್ತಿದ್ದವಳು ನನಗೆ ಏನಾಗುತ್ತಿದೆ ಅಂತ ಮಾತ್ರ ಎಲ್ಲೂ ಬರೆದಿಡಲಿಲ್ಲ. ಆಮೇಲೆ ದೂರು ಕೊಡಲು ಕೂತಾಗ ನನ್ನ ಹತ್ತಿರ ಇದ್ದದ್ದು ಬರೀ ಅಳು. ತಾರೀಕು ಇಲ್ಲ, ಮಾತು ಇಲ್ಲ, ಸಾಕ್ಷಿ ಇಲ್ಲ. ಹಾಗಾಗಿ ಈ ಗೈಡಿನಲ್ಲಿ ಅರ್ಧಕ್ಕರ್ಧ ಬರೆದಿಡುವುದರ ಬಗ್ಗೆಯೇ ಇದೆ. ಬೇಜಾರಾದರೂ ಆ ಭಾಗ ಬಿಡಬೇಡಿ.

ಸ್ಟ್ರಿಕ್ಟ್ ಯಾವುದು, ವಿಷ ಯಾವುದು

ಈ ಲೈನಿನಲ್ಲಿ ಬೈಸಿಕೊಳ್ಳುವುದು ಮಾಮೂಲು ಅಂತ ಸೇರಿದ ದಿನವೇ ಹೇಳುತ್ತಾರೆ. ಪೂರ್ತಿ ಸುಳ್ಳೂ ಅಲ್ಲ. ನನ್ನ ಮೊದಲ ಕ್ರಿಯೇಟಿವ್ ಡೈರೆಕ್ಟರ್ ಮೇಡಂ, ಅದು ಬೇರೆ ಕಂಪನಿ, 30 ಸೆಕೆಂಡಿನ ಒಂದು ರೇಡಿಯೊ ಸ್ಪಾಟನ್ನು ನನ್ನಿಂದ ಹನ್ನೊಂದು ಸಲ ಬರೆಸಿದ್ದರು. ‘ಮೂರನೇ ಸಾಲು ಓದೋಕೆ ಚೆನ್ನಾಗಿದೆ ಕಣಮ್ಮ, ಆದರೆ ಮಂಡ್ಯದ ಅಂಗಡಿಯವನ ಬಾಯಲ್ಲಿ ಬರಲ್ಲ, ತೆಗಿ’ ಅನ್ನುತ್ತಿದ್ದರು. ಸುಸ್ತಾಗುತ್ತಿತ್ತು. ಆದರೆ ನಾಳೆ ಯಾವ ಸಾಲು ತಿದ್ದಬೇಕು ಅಂತ ಗೊತ್ತಿರುತ್ತಿತ್ತು.

ಎರಡನೇ ಕಂಪನಿಯ ಬಾಸ್ ಬೇರೆ ಥರ. ನನ್ನ ಸ್ಕ್ರಿಪ್ಟನ್ನು ಮೀಟಿಂಗಿನಲ್ಲಿ ಎದ್ದು ನಿಂತು, ಹಳ್ಳಿ ನಾಟಕದ ಧಾಟಿಯಲ್ಲಿ ಅಣಕಿಸಿ ಓದಿದರು. ‘ನಿಮ್ಮೂರಲ್ಲಿ ಹೀಗೇನಾ ಮಾತಾಡೋದು?’ ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ಇವತ್ತಿಗೂ ಚುಚ್ಚುವುದು. ಆಮೇಲೆ ‘ಏನು ಬದಲಾಯಿಸಲಿ ಸರ್’ ಅಂತ ಕೇಳಿದರೆ ‘ಸೋಲ್ ಇಲ್ಲ, ಏನೋ ಮಿಸ್ಸಿಂಗ್’ ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹದಿನಾಲ್ಕು ಡ್ರಾಫ್ಟ್ ಆದ ಮೇಲೆ ಕ್ಲೈಂಟಿಗೆ ಹೋದದ್ದು ಎರಡನೆಯದು.

ನಾನು ಈಗ ಬಳಸುವ ಪರೀಕ್ಷೆ ಇಷ್ಟೇ. ಬೈದು ಮುಗಿಸಿದ ಮೇಲೆ ನಾಳೆ ಏನು ತಿದ್ದಬೇಕು ಅಂತ ಹೇಳಬಲ್ಲಿರಾ? ಹೌದಾದರೆ ಅವರು ಖಾರದ ಬಾಸ್, ಕಲಿಯಿರಿ. ತಿದ್ದುವುದು ಏನೂ ಗೊತ್ತಾಗದೆ, ‘ನಾನು ಕೆಲಸಕ್ಕೆ ಬಾರದವಳು’ ಅನ್ನುವುದು ಮಾತ್ರ ತಲೆಯಲ್ಲಿ ಉಳಿದರೆ ಅಲ್ಲಿ ಬೇರೇನೋ ನಡೆಯುತ್ತಿದೆ. ಒಂದು ಸಲ ಆದರೆ ಬಿಡಿ, ಯಾರಿಗೂ ಕೆಟ್ಟ ದಿನ ಇರುತ್ತದೆ. ತಿಂಗಳಿಗೆ ನಾಲ್ಕು ಸಲ ಆದರೆ ಅದು ಅವರ ಆಡಳಿತದ ರೀತಿ.

ಭಾರತದಲ್ಲಿ ಬಾಸ್ ಕಿರುಕುಳಕ್ಕೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ಲೈಂಗಿಕ ಕಿರುಕುಳಕ್ಕೆ ಇದೆ, ಜಾತಿ ನಿಂದನೆಗೆ ಇದೆ, ಸಂಬಳಕ್ಕೆ ಇದೆ. ಸುಮ್ನೆ ದಿನಾ ಅವಮಾನ ಮಾಡುವುದಕ್ಕೆ ಇಲ್ಲ. ಅದಕ್ಕೇ ನಮಗೆ ಅದನ್ನು ಹೇಳಿಕೊಳ್ಳಲು ಪದವೂ ಸಿಗುವುದಿಲ್ಲ. ನನಗೆ ಪದ ಸಿಕ್ಕಿದ್ದು ಜಪಾನಿನಿಂದ. ಅಲ್ಲಿ ಇದನ್ನು ‘ಪವರ್ ಹರಾಸ್ಮೆಂಟ್’ ಅನ್ನುತ್ತಾರೆ. 2020ರ ಜೂನ್‌ನಿಂದ ದೊಡ್ಡ ಕಂಪನಿಗಳು, 2022ರ ಏಪ್ರಿಲ್‌ನಿಂದ ಚಿಕ್ಕವೂ ಇದನ್ನು ತಡೆಯಲೇಬೇಕು ಅಂತ ಕಾನೂನಿದೆ, ಮತ್ತು ಸರ್ಕಾರವೇ ಇದನ್ನು ಆರು ಬಗೆ ಮಾಡಿ ಹೇಳಿದೆ. ಹೊಡೆಯುವುದು, ಎಸೆಯುವುದು ಒಂದು. ಮಾತಿನಲ್ಲಿ ಹಂಗಿಸುವುದು ಎರಡು. ಉಳಿದವು ನಮಗೆ ತಪ್ಪು ಅಂತ ಹೊಳೆಯುವುದೇ ಇಲ್ಲ: ಒಬ್ಬರನ್ನು ಗುಂಪಿನಿಂದ ದೂರ ಇಡುವುದು (ಎಲ್ಲರೂ ಇರುವ ವಾಟ್ಸ್ಆ್ಯಪ್ ಗ್ರೂಪಿನಿಂದ ನಿಮ್ಮನ್ನು ತೆಗೆದು, ಏನು ಮಾಡಬೇಕು ಅನ್ನುವ ಸೂಚನೆಯನ್ನು, ಅಂದರೆ ಬ್ರೀಫನ್ನು, ಅಲ್ಲಿ ಹಾಕುವುದು), ಆಗದಷ್ಟು ಕೆಲಸ ಹೇರುವುದು, ಬೇಕಂತಲೇ ಕೆಲಸ ಕೊಡದೆ ಕೂರಿಸುವುದು, ಮತ್ತು ಖಾಸಗಿ ವಿಷಯಕ್ಕೆ ಮೂಗು ತೂರಿಸುವುದು. ಐದನೆಯದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹನ್ನೆರಡು ವರ್ಷ ಅನುಭವದ ಆರ್ಟ್ ಡೈರೆಕ್ಟರ್ ಒಬ್ಬರು ಬಾಸ್‌ಗೆ ಎದುರು ಮಾತಾಡಿದರು. ಮುಂದಿನ ಎರಡು ತಿಂಗಳು ಅವರಿಗೆ ಕೊಟ್ಟ ಕೆಲಸ ಹಳೆಯ ಫೋಟೊ ಫೋಲ್ಡರುಗಳಿಗೆ ಹೆಸರು ಕೊಡುವುದು.

ಅವತ್ತಿನದು ಅವತ್ತೇ ಬರೆದಿಡಿ

ಒಂದು ನೋಟ್‌ಬುಕ್ ತಗೊಳ್ಳಿ. ಸ್ವಂತದ್ದು. ಕಂಪನಿ ಲ್ಯಾಪ್‌ಟಾಪಿನಲ್ಲಿ ಬೇಡ, ಕಂಪನಿ ಮೇಲ್‌ನ ಡ್ರಾಫ್ಟ್‌ನಲ್ಲಂತೂ ಬೇಡವೇ ಬೇಡ. ಬಿಡುವ ದಿನ ಬೆಳಗ್ಗೆ ಹತ್ತಕ್ಕೆ ನಿಮ್ಮ ಲಾಗಿನ್ ಕಟ್ ಆಗುತ್ತದೆ, ಅಲ್ಲಿದ್ದದ್ದೆಲ್ಲ ಅಲ್ಲೇ ಹೋಯಿತು.

ಬರೆಯುವ ಕ್ರಮವೂ ಮುಖ್ಯ. ನನ್ನ ಮೊದಲ ನಮೂದು ಹೀಗಿತ್ತು: ‘ಇವತ್ತೂ ಬಾಸ್ ರಾಕ್ಷಸನ ಥರ ಆಡಿದರು, ಸಾಕಾಗಿದೆ.’ ಇದನ್ನು ಮೂರನೆಯವರು ಓದಿದರೆ ನನಗೆ ಬೇಜಾರಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ನಮ್ಮ ಹಳೆಯ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು, ಶೂಟಿಂಗ್ ಸೆಟ್ಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು, ಇದನ್ನು ನೋಡಿ ನಕ್ಕರು. ‘ಏನಮ್ಮಾ, ಕವನ ಬರೆದಿದೀಯಾ? ವೋಚರ್ ಬರೆಯೋ ಥರ ಬರಿ’ ಅಂದರು. ವೋಚರ್ ಅಂದರೆ ತಾರೀಕು, ಹೊತ್ತು, ಜಾಗ, ಯಾರಿದ್ದರು, ಏನು ಆಯಿತು. ಆಮೇಲೆ ನಾನು ಬರೆದದ್ದು ಹೀಗೆ: ‘ಮಂಗಳವಾರ, ಸಂಜೆ 6.40, ಎರಡನೇ ಮಹಡಿ ಮೀಟಿಂಗ್ ರೂಮು. ಇದ್ದವರು: ನಾನು, ಎಡಿಟರ್, ಇಬ್ಬರು ಅಕೌಂಟ್ಸ್‌ನವರು. ಬಾಸ್ ಹೇಳಿದ್ದು: “ಇಂಥ ಕಾಪಿ ಬರೆಯೋಕೆ ಸಂಬಳ ಬೇರೆ ಕೊಡಬೇಕಾ ನಿನಗೆ.” ಪ್ರಿಂಟ್ ಹರಿದು ಮೇಜಿನ ಮೇಲೆ ಎಸೆದರು. ನಾನು ಏನೂ ಹೇಳಲಿಲ್ಲ. 7.10ಕ್ಕೆ ಹೊಸ ಡ್ರಾಫ್ಟ್ ಕಳಿಸಿದೆ.’ ವಿಶೇಷಣ ಒಂದೂ ಇಲ್ಲ. ಅವರಾಡಿದ ಮಾತನ್ನು ಅವರದೇ ಪದದಲ್ಲಿ, ಯಾವ ಭಾಷೆಯಲ್ಲಿ ಆಡಿದರೋ ಅದೇ ಭಾಷೆಯಲ್ಲಿ ಬರೆಯಿರಿ. ಸಭ್ಯವಾಗಿ ತಿದ್ದಬೇಡಿ. ಕೆಟ್ಟ ಪದ ಇದ್ದರೆ ಕೆಟ್ಟ ಪದವೇ ಇರಲಿ.

ಬಾಯಲ್ಲಿ ಹೇಳಿದ ಕೆಲಸವನ್ನು ಮೇಲ್‌ನಲ್ಲಿ ಕಟ್ಟಿಹಾಕುವುದು ಇನ್ನೊಂದು ಅಭ್ಯಾಸ. ನಮ್ಮ ಕೆಲಸದಲ್ಲಿ ಬ್ರೀಫ್ ಅನ್ನುವುದು ಕಾರಿಡಾರಿನಲ್ಲಿ, ಲಿಫ್ಟಿನಲ್ಲಿ, ಸಿಗರೇಟ್ ಸೇದುವ ಜಾಗದಲ್ಲಿ ಬದಲಾಗುತ್ತಾ ಹೋಗುತ್ತದೆ. ಆಮೇಲೆ ಕ್ಲೈಂಟ್ ಒಪ್ಪದಿದ್ದರೆ ‘ನಾನು ಹಾಗೆ ಹೇಳೇ ಇಲ್ಲ’. ಹಾಗಾಗಿ ಮೇಜಿಗೆ ಬಂದ ತಕ್ಷಣ ಎರಡು ಸಾಲು: ‘ಸರ್, ಈಗ ಮಾತಾಡಿದ ಹಾಗೆ ಎರಡನೇ ಫಿಲ್ಮಿನಿಂದ ಅಜ್ಜಿ ಪಾತ್ರ ತೆಗೆದು 20 ಸೆಕೆಂಡಿಗೆ ಇಳಿಸುತ್ತಿದ್ದೇನೆ, ನಾಳೆ 11ಕ್ಕೆ ಕಳಿಸುತ್ತೇನೆ. ಬೇರೆ ಏನಾದರೂ ಇದ್ದರೆ ಇವತ್ತೇ ತಿಳಿಸಿ.’ ಇಷ್ಟೇ. ದೂರಿನ ವಾಸನೆ ಇರಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉತ್ತರ ಬರದಿದ್ದರೂ ಪರವಾಗಿಲ್ಲ, ಕಳಿಸಿದ ಹೊತ್ತು ದಾಖಲಾಯಿತಲ್ಲ. ಇದನ್ನು ಶುರು ಮಾಡಿದ ಮೇಲೆ ನಮ್ಮ ಟೀಮಿನಲ್ಲಿ ಒಂದು ತಮಾಷೆ ಆಯಿತು. ಬಾಸ್ ನನಗೆ ಬಾಯಲ್ಲಿ ಬ್ರೀಫ್ ಕೊಡುವುದನ್ನೇ ಕಡಿಮೆ ಮಾಡಿದರು.

ವಾಟ್ಸ್ಆ್ಯಪ್ ಮೆಸೇಜು ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದೆಯಾ ನೋಡಿಕೊಳ್ಳಿ. ಸ್ಕ್ರೀನ್‌ಶಾಟಿನಲ್ಲಿ ತಾರೀಕು ಮತ್ತು ಕಳಿಸಿದವರ ನಂಬರು ಕಾಣಬೇಕು, ಬರೀ ಹೆಸರು ಸಾಲದು. ನಂಬರನ್ನು ಯಾವ ಹೆಸರಿನಲ್ಲಿ ಬೇಕಾದರೂ ಸೇವ್ ಮಾಡಬಹುದಲ್ವಾ? ರಾತ್ರಿ ಕೆಲಸಕ್ಕೆ ಸಾಕ್ಷಿ ಬೇಕೆಂದರೆ ಕ್ಯಾಬ್ ರಸೀದಿ ಸಾಕು. ನಮ್ಮ ಎಡಿಟರ್ ಹುಡುಗ, ಗದಗಿನವನು, ರಾತ್ರಿ ಒಂದು ಗಂಟೆಯ ಆಟೊ ಬಿಲ್ಲುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟಿದ್ದ. ರೀಇಂಬರ್ಸ್‌ಮೆಂಟಿಗೆ ಅಂತ ಇಟ್ಟದ್ದು, ಆಮೇಲೆ ಬೇರೆ ಕೆಲಸಕ್ಕೆ ಬಂತು.

ಒಂದು ಎಚ್ಚರ. ಸಾಕ್ಷಿ ಅಂತ ಕ್ಲೈಂಟಿನ ಫೈಲು, ಬಿಡುಗಡೆ ಆಗದ ಸ್ಕ್ರಿಪ್ಟು, ರೇಟ್ ಕಾರ್ಡು ಯಾವುದನ್ನೂ ಸ್ವಂತ ಮೇಲ್‌ಗೆ ಕಳಿಸಬೇಡಿ. ನೀವು ಗೌಪ್ಯತೆಯ ಕರಾರಿಗೆ ಸಹಿ ಹಾಕಿರುತ್ತೀರಿ. ಅವರು ಕಿರುಕುಳ ಕೊಟ್ಟದ್ದು ಪಕ್ಕಕ್ಕೆ ಹೋಗಿ ನೀವು ಡೇಟಾ ಕದ್ದದ್ದು ಮುಂದೆ ಬರುತ್ತದೆ.

‘ನಾವೆಲ್ಲ ಒಂದೇ ಫ್ಯಾಮಿಲಿ’ ಅಂದರೆ ಗಡಿಯಾರ ನೋಡಿ

ಅಮ್ಮ ಹಾಸನದಿಂದ ಫೋನ್ ಮಾಡಿ ಕೇಳುತ್ತಿದ್ದರು, ‘ಕೂತ್ಕೊಂಡು ಬರೆಯೋ ಕೆಲಸ ಅಲ್ವೇನೆ, ಅದಕ್ಯಾಕೆ ರಾತ್ರಿ ಹನ್ನೆರಡು ಗಂಟೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಪ್ಯಾಶನ್ ಇರಬೇಕಮ್ಮ ಇದಕ್ಕೆ’ ಅಂತ ಬಾಸ್ ಹೇಳಿದ್ದನ್ನೇ ಹೇಳುತ್ತಿದ್ದೆ. ಹುಟ್ಟುಹಬ್ಬಕ್ಕೆ ಕೇಕು, ರಾತ್ರಿ ಎಲ್ಲರಿಗೂ ಬಿರಿಯಾನಿ, ಪಿಚ್ (ಹೊಸ ಕ್ಲೈಂಟಿಗಾಗಿ ಪೈಪೋಟಿ) ಗೆದ್ದರೆ ಪಬ್ಬು. ಸಂಬಳ ಹೆಚ್ಚಿಸುವ ಮಾತು ಬಂದಾಗ ಮಾತ್ರ ‘ಮುಂದಿನ ಕ್ವಾರ್ಟರ್ ನೋಡೋಣ’. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ.

ಕಾನೂನು ಏನು ಹೇಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಅಂತ ಒಂದಿದೆ. ಅಂಗಡಿ ಅನ್ನುವ ಹೆಸರು ನೋಡಿ ನಮಗಲ್ಲ ಅಂದುಕೊಳ್ಳಬೇಡಿ, ಜಾಹೀರಾತು ಕಂಪನಿಯೂ ಅದರೊಳಗೇ ಬರುತ್ತದೆ. ಆ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಮೀರುವಂತಿಲ್ಲ, ಮೂರು ತಿಂಗಳಿಗೆ ಓವರ್‌ಟೈಮ್ 50 ಗಂಟೆ ದಾಟುವಂತಿಲ್ಲ, ಅದಕ್ಕೆ ಕೊಡಬೇಕಾದದ್ದು ಎರಡರಷ್ಟು ಕೂಲಿ. ದಿನಕ್ಕೆ 10, ಓವರ್‌ಟೈಮ್ ಸೇರಿ 12 ಮಾಡೋಣ ಅಂತ 2025ರಲ್ಲಿ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ವಿರೋಧಿಸಿತ್ತು. ನಮ್ಮ ಆಫೀಸಿನಲ್ಲಿ ಆ ಸುದ್ದಿ ಓದಿ ಎಲ್ಲರೂ ನಕ್ಕೆವು, ‘ಹನ್ನೆರಡೇನಾ?’ ಅಂತ.

ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಗೂ ‘ಮ್ಯಾನೇಜರ್’ ಅಂತ ಕಾರ್ಡು ಮಾಡಿಸಿಕೊಡುವುದು ಯಾಕೆ ಅಂತ ನನಗೆ ಆಮೇಲೆ ಅನುಮಾನ ಬಂತು. ಆದರೆ ಕಾರ್ಡಿನ ಮೇಲಿನ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸ ಮುಖ್ಯ. ನಿಮ್ಮ ಕೈಕೆಳಗೆ ಯಾರೂ ಇಲ್ಲ, ಯಾರ ರಜೆಗೂ ನೀವು ಸಹಿ ಹಾಕುವುದಿಲ್ಲ ಅಂದರೆ ನೀವು ಎಂಥ ಮ್ಯಾನೇಜರ್?

ಇದನ್ನೆಲ್ಲ ಹಿಡಿದುಕೊಂಡು ನಾಳೆಯೇ ಬಾಸ್ ಮುಂದೆ ಕಾಯ್ದೆ ಓದಿ ಅಂತ ಹೇಳುತ್ತಿಲ್ಲ. ಹಾಗೆ ಮಾಡಿದ ಒಬ್ಬ ಮೋಷನ್ ಗ್ರಾಫಿಕ್ಸ್ ಹುಡುಗ ಮೂರು ವಾರದಲ್ಲಿ ಹೊರಗಿದ್ದ. ಗಂಟೆ ಬರೆದಿಟ್ಟುಕೊಳ್ಳಿ ಅಂತ ಮಾತ್ರ ಹೇಳುತ್ತಿದ್ದೇನೆ. ಬಂದದ್ದು, ಹೋದದ್ದು, ಮನೆಯಿಂದ ಮಾಡಿದ್ದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಜಪಾನಿನ ದೊಡ್ಡ ಜಾಹೀರಾತು ಕಂಪನಿ ಡೆಂಟ್ಸುವಿನಲ್ಲಿ ಏನಾಯಿತು ಅಂತ ಈ ಲೈನಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. 2015ರ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ 24 ವರ್ಷದ ಯುವತಿ ಅದೇ ವರ್ಷ ಡಿಸೆಂಬರ್ 25ರಂದು ಪ್ರಾಣ ಕಳೆದುಕೊಂಡಳು. ಒಂದೇ ತಿಂಗಳಲ್ಲಿ 100 ಗಂಟೆಗೂ ಜಾಸ್ತಿ ಓವರ್‌ಟೈಮ್ ಮಾಡಿದ್ದಳು. ಅತಿಯಾದ ಕೆಲಸವೇ ಸಾವಿಗೆ ಕಾರಣ ಅಂತ 2016ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಒಪ್ಪಿಕೊಂಡಿತು. ಕಂಪನಿಯ ಅಧ್ಯಕ್ಷ ರಾಜೀನಾಮೆ ಕೊಡಬೇಕಾಯಿತು. 2017ರಲ್ಲಿ ಕೋರ್ಟು ಹಾಕಿದ ದಂಡ ಬರೀ 5 ಲಕ್ಷ ಯೆನ್. ಆ ಕಂಪನಿಯಲ್ಲಿ 1951ರಿಂದ ‘ಹತ್ತು ನಿಯಮ’ ಅಂತ ನೌಕರರ ಕೈಪಿಡಿಯಲ್ಲೇ ಇದ್ದವು. ಹಿಡಿದ ಕೆಲಸವನ್ನು ಸತ್ತರೂ ಬಿಡಬೇಡ ಅನ್ನುವ ಅರ್ಥದ್ದು ಅವುಗಳಲ್ಲಿ ಒಂದು. ಈ ಸಾವಿನ ನಂತರ ಅವನ್ನು ಕೈಪಿಡಿಯಿಂದ ತೆಗೆದರು. ನಮ್ಮ ಆಫೀಸಿನ ಗೋಡೆಯ ಮೇಲೂ ಹೆಚ್ಚುಕಡಿಮೆ ಇಂಥದ್ದೇ ಒಂದು ಸಾಲು ನಿಯಾನ್ ಲೈಟಿನಲ್ಲಿ ಹೊಳೆಯುತ್ತಿತ್ತು, ಅದರ ಕೆಳಗೆ ನಿಂತು ನಾನೇ ಸೆಲ್ಫಿ ತೆಗೆಸಿಕೊಂಡಿದ್ದೇನೆ.

ನಿದ್ದೆ ಹೋಗಿದ್ದರೆ, ಭಾನುವಾರ ಸಂಜೆ ಹೊಟ್ಟೆ ತೊಳಸಿದಂತೆ ಆಗುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಳಿದ ಕಾಯ್ದೆ ಕಟ್ಟಳೆ ಆಮೇಲೆ.

ಹೆಸರು ಯಾರದು, ಬರಹ ಯಾರದು

ಗೋವಾದಲ್ಲಿ ಜಾಹೀರಾತಿನವರ ಹಬ್ಬ ನಡೆಯುತ್ತದಲ್ಲ, ಗೋವಾಫೆಸ್ಟು, ಅಲ್ಲಿಗೆ ನಮ್ಮ ಒಂದು ಕ್ಯಾಂಪೇನ್ ಹೋಯಿತು. ಐಡಿಯಾ ನಮ್ಮ ಇಂಟರ್ನ್ ಹುಡುಗಿಯದು, ಸಾಲು ನನ್ನದು. ಎಂಟ್ರಿಯ ಕ್ರೆಡಿಟ್ ಪಟ್ಟಿಯಲ್ಲಿ ಒಂಬತ್ತು ಹೆಸರಿದ್ದವು, ನಮ್ಮಿಬ್ಬರದೂ ಇರಲಿಲ್ಲ. ಬಾಸ್ ಹೆಸರು ಎರಡು ಕಡೆ ಇತ್ತು. ಕೇಳಿದ್ದಕ್ಕೆ ‘ಜಾಗ ಇರಲಿಲ್ಲ’ ಅಂದರು.

ಇಲ್ಲಿ ಎರಡು ವಿಷಯ ಬೇರೆ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯಲ್ಲಿದ್ದು ಮಾಡಿದ ಕೆಲಸದ ಮಾಲೀಕತ್ವ ಕಂಪನಿಯದು, ಬೇರೆ ಕರಾರು ಇದ್ದರೆ ಬೇರೆ. ಅದರ ಬಗ್ಗೆ ಜಗಳ ಆಡಿ ಪ್ರಯೋಜನ ಇಲ್ಲ. ಆದರೆ ಅದೇ ಕಾಯ್ದೆಯ 57ನೇ ಸೆಕ್ಷನ್, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ‘ಇದನ್ನು ಬರೆದವಳು ನಾನು’ ಅಂತ ಹೇಳಿಕೊಳ್ಳುವ ಹಕ್ಕನ್ನು ಬರೆದವರಿಗೇ ಉಳಿಸುತ್ತದೆ. ಒಂದು ಸಾಲಿನ ಸ್ಲೋಗನ್ ಹಿಡಿದುಕೊಂಡು ಕೋರ್ಟಿಗೆ ಹೋಗುವುದು ಕಷ್ಟ, ಅಷ್ಟು ಚಿಕ್ಕದ್ದಕ್ಕೆ ಕೃತಿಸ್ವಾಮ್ಯ ಸಿಗುವುದೇ ಅಪರೂಪ. ಪೂರ್ತಿ ಸ್ಕ್ರಿಪ್ಟು, ಜಿಂಗಲ್ ಸಾಹಿತ್ಯ, ಇಲಸ್ಟ್ರೇಶನ್ ಆದರೆ ಮಾತು ಬೇರೆ.

ಕೋರ್ಟಿನ ಮಾತು ಹಾಗಿರಲಿ. ದಿನನಿತ್ಯಕ್ಕೆ ಬೇಕಾದದ್ದು ಮೊದಲ ಐಡಿಯಾವನ್ನು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳುವ ಮುಂಚೆ ಟೀಮಿಗೆಲ್ಲ ಮೇಲ್ ಮಾಡುವ ಅಭ್ಯಾಸ. ಇಬ್ಬರು ಮೂವರು ಸೇರಿ ಮಾಡಿದ್ದರೆ ಅವರ ಹೆಸರನ್ನೂ ನೀವೇ ಹಾಕಿ. ನೀವು ಬೇರೆಯವರ ಹೆಸರು ಹಾಕುವುದನ್ನು ನೋಡಿ ಅವರೂ ನಿಮ್ಮದನ್ನು ಹಾಕುತ್ತಾರೆ, ಎಲ್ಲರೂ ಅಲ್ಲ, ಕೆಲವರು. ಕೆಲಸ ಬಿಡುಗಡೆ ಆದ ದಿನವೇ ಅದರ ಲಿಂಕನ್ನು ಪೋರ್ಟ್‌ಫೋಲಿಯೊಗೆ ಸೇರಿಸಿ, ‘ಸ್ಕ್ರಿಪ್ಟ್: ನಾನು, ಎಡಿಟ್: ಇಂಥವರು’ ಅಂತ. ಬಿಟ್ಟ ಮೇಲೆ ಹುಡುಕಲು ಹೋದರೆ ಕ್ಲೈಂಟ್ ವಿಡಿಯೊವನ್ನೇ ತೆಗೆದಿರುತ್ತಾನೆ.

‘ಕನ್ಸಲ್ಟೆಂಟ್’ ಅಂತ ಸೇರಿಸಿಕೊಂಡು, ಪಿಎಫ್ ಕಟ್ಟದೆ, ಶೇ 10ರಷ್ಟು ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು, ಬೆಳಗ್ಗೆ ಹತ್ತಕ್ಕೆ ಬಯೋಮೆಟ್ರಿಕ್ ಒತ್ತಿಸುವ ಕಂಪನಿಗಳು ಬೇಕಾದಷ್ಟಿವೆ. ನೀವು ನಿಜವಾಗಿ ಹೊರಗಿನಿಂದ ಬರೆದುಕೊಡುವವರಾದರೆ ಸ್ಕ್ರಿಪ್ಟಿನ ಹಕ್ಕು, ನೀವು ಬರಹದಲ್ಲಿ ಕೊಡುವ ತನಕ, ನಿಮ್ಮದೇ. ಆಗ ಇನ್‌ವಾಯ್ಸಿನಲ್ಲಿ ‘ಪೂರ್ತಿ ಹಣ ಬಂದ ಮೇಲೆ ಹಕ್ಕು ವರ್ಗಾವಣೆ’ ಅಂತ ಒಂದು ಸಾಲು ಹಾಕಿ. ಚಿಕ್ಕ ಉದ್ಯಮಗಳಿಗೆ ಅಂತ ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ 45 ದಿನ ಮೀರಿದ ಬಾಕಿಗೆ ಸರ್ಕಾರದ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು.

ಯಾರಿಗೆ ಹೇಳುವುದು

ಎಚ್‌ಆರ್ ನಿಮ್ಮ ಸ್ನೇಹಿತೆ ಇರಬಹುದು, ಆದರೆ ಅವರಿಗೆ ಸಂಬಳ ಕೊಡುವುದು ಕಂಪನಿ. ಹಾಗಂತ ಹೋಗಬೇಡಿ ಅಂತಲ್ಲ. ಕಾಫಿ ಕುಡಿಯುತ್ತಾ ಹೇಳಬೇಡಿ, ಮೇಲ್‌ನಲ್ಲಿ ಹೇಳಿ. ನಾನು ಕಾಫಿಯಲ್ಲಿ ಹೇಳಿದೆ. ಸಂಜೆಯೊಳಗೆ ಬಾಸ್ ಕಿವಿಗೆ ಬಿದ್ದಿತ್ತು, ದಾಖಲೆಯಲ್ಲಿ ಮಾತ್ರ ಏನೂ ಇರಲಿಲ್ಲ. ಮೇಲ್‌ನಲ್ಲಿ ಮೂರು ಘಟನೆ ಸಾಕು, ನೋಟ್‌ಬುಕ್ಕಿನಿಂದ ತೆಗೆದದ್ದು, ಕೊನೆಯಲ್ಲಿ ನಿಮಗೆ ಏನು ಬೇಕು ಅಂತ ಒಂದು ಸಾಲು. ಟೀಮ್ ಬದಲಾವಣೆಯಾ, ರಾತ್ರಿ ಹತ್ತರ ನಂತರ ಕರೆ ಬೇಡವಾ, ಬಾಕಿ ಇರುವ ಅಪ್ರೈಸಲ್ಲಾ. ಏನೂ ಕೇಳದ ದೂರನ್ನು ‘ನೋಟೆಡ್’ ಅಂತ ಮುಚ್ಚಿಬಿಡುತ್ತಾರೆ.

ಇಬ್ಬರು ಮೂವರು ಸೇರಿ ಕೊಟ್ಟರೆ ತೂಕ ಜಾಸ್ತಿ. ಆದರೆ ಸೇರಿಸುವಾಗ ನಿಧಾನ. ನಮ್ಮಲ್ಲಿ ಬಾಸ್ ಪ್ರತಿ ಆರು ತಿಂಗಳಿಗೆ ಒಬ್ಬರನ್ನು ‘ಸ್ಟಾರ್’ ಮಾಡುತ್ತಿದ್ದರು. ಆ ಆರು ತಿಂಗಳು ಆ ಮನುಷ್ಯ ಎಲ್ಲವನ್ನೂ ಹೋಗಿ ಹೇಳುತ್ತಿದ್ದ. ಅವನ ಮೇಲೆ ಸಿಟ್ಟು ಬೇಡ, ಮುಂದಿನ ಆರು ತಿಂಗಳಲ್ಲಿ ಅವನೇ ನಿಮ್ಮ ಪಕ್ಕ ಕೂತು ಅಳುತ್ತಾನೆ.

ಕೆಟ್ಟ ನೋಟ, ಮೈ ಮುಟ್ಟುವುದು, ಅಶ್ಲೀಲ ಜೋಕು, ‘ಹೀರೋಯಿನ್ ಥರ ಇದೀಯ, ಕ್ಲೈಂಟ್ ಮೀಟಿಂಗಿಗೆ ನೀನೇ ಬಾ’ ಅನ್ನುವಂಥ ಮಾತು, ಇದಕ್ಕೆಲ್ಲ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರು, ಹೊರಗಿನವರು ಒಬ್ಬರು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ. ನಮ್ಮ ಲೈನಿನ ಚಿಕ್ಕ ಸ್ಟುಡಿಯೊಗಳಲ್ಲಿ ಮಾಲೀಕನೇ ಬಾಸ್ ಆಗಿರುವುದರಿಂದ ಇದು ನೆನಪಿರಲಿ. ಘಟನೆ ಆದ 3 ತಿಂಗಳೊಳಗೆ ಬರಹದಲ್ಲಿ ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆ ನಡುವೆ ನಿಮ್ಮನ್ನೋ ಅವರನ್ನೋ ಬೇರೆ ಕಡೆ ಹಾಕಿ ಅಂತ, ಅಥವಾ ರಜೆ ಬೇಕು ಅಂತ ಕೇಳಬಹುದು. ಇಂಟರ್ನ್ ಕೂಡ ಕೊಡಬಹುದು. ಆಫೀಸಿನೊಳಗೆ ಆಗಿರಬೇಕು ಅಂತಿಲ್ಲ, ಸಕಲೇಶಪುರದ ಶೂಟಿಂಗ್ ಆಗಲಿ, ಕಂಪನಿ ಕಳಿಸಿದ ಗಾಡಿ ಆಗಲಿ, ಕೆಲಸಕ್ಕಾಗಿ ಹೋದ ಜಾಗವೂ ಕೆಲಸದ ಜಾಗವೇ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್ಲಿನಲ್ಲಿ ಆನ್‌ಲೈನ್ ಕೂಡ ಕೊಡಬಹುದು.

ಸಂಬಳ, ಗಂಟೆ, ದಿಢೀರ್ ತೆಗೆದುಹಾಕುವುದು, ಇದಕ್ಕೆಲ್ಲ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸು (ಅಥವಾ ಅದರ ಸಂಬಳ) ಇಲ್ಲದೆ ತೆಗೆಯುವಂತಿಲ್ಲ ಅಂತ ಅದೇ 1961ರ ಕಾಯ್ದೆ ಹೇಳುತ್ತದೆ.

ಇಲ್ಲಿ ನಮ್ಮ ಕೆಲಸಕ್ಕೇ ಅಂಟಿಕೊಂಡ ಒಂದು ವಿಚಿತ್ರ ತೊಡಕಿದೆ. ಕೈಗಾರಿಕಾ ವಿವಾದದ ಕಾನೂನಿನ ರಕ್ಷಣೆ ಬೇಕಾದರೆ ನೀವು ಅದರ ಅರ್ಥದಲ್ಲಿ ‘ಕಾರ್ಮಿಕ’ ಆಗಿರಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಸಿಗರೇಟ್ ಕಂಪನಿಯ ಮಾರಾಟ ಮತ್ತು ಪ್ರಚಾರ ನೋಡಿಕೊಳ್ಳುತ್ತಿದ್ದ ನೌಕರರೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಈ ಕೆಲಸಕ್ಕೆ ಕಲ್ಪನೆ ಮತ್ತು ಸೃಜನಶೀಲ ಬುದ್ಧಿ ಬೇಕು, ಹಾಗಾಗಿ ಇವರು ಕಾರ್ಮಿಕರಲ್ಲ ಅಂದುಬಿಟ್ಟಿತು. ಅಂದರೆ ನೀವು ಕ್ರಿಯೇಟಿವ್ ಅನ್ನುವುದೇ ನಿಮಗೆ ಮುಳುವು! ಎಡಿಟರ್, ಆ್ಯನಿಮೇಟರ್, ಸೌಂಡಿನವರು ತಮ್ಮದು ತಾಂತ್ರಿಕ ಕೆಲಸ ಅಂತ ವಾದಿಸಬಹುದು, ಕಾಪಿರೈಟರ್‌ಗೆ ಅದು ಕಷ್ಟ. ಲೇಬರ್ ಆಫೀಸಿಗೆ ಹೋಗುವ ಮುಂಚೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರ ಹತ್ತಿರ ಒಂದು ಗಂಟೆ ಕೂತು ಬನ್ನಿ. ನಾನು ಕೂತದ್ದಕ್ಕೇ ಇಷ್ಟು ಗೊತ್ತಾದದ್ದು.

ಬಿಡುವ ಮುಂಚೆ, ಬಿಡುವಾಗ

ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ನಾನು ಮೂರು ಸಲ ಬರೆದು ಡಿಲೀಟ್ ಮಾಡಿದೆ, ನಾಲ್ಕನೇ ಸಲಕ್ಕೆ ಕೈಯಲ್ಲಿ ಐದು ತಿಂಗಳ ಮನೆ ಬಾಡಿಗೆ ಮತ್ತು ಇನ್ನೊಂದು ಆಫರ್ ಇತ್ತು. ಹಾಗಂತ ಮೈ ಮುಟ್ಟುವ ಬಾಸ್ ಕೈಕೆಳಗೆ ಐದು ತಿಂಗಳು ಕಾಯಿರಿ ಅಂತಲ್ಲ. ಅಲ್ಲಿಂದ ಇವತ್ತೇ ಎದ್ದು ಬನ್ನಿ, ಬಾಡಿಗೆ ಹೇಗೋ ಆಗುತ್ತದೆ.

ಹೆದರಿಸಲು ಬಳಸುವ ಆಯುಧ ಮೂರು. ಒಂದು, ‘ಒಂದು ವರ್ಷ ಬೇರೆ ಏಜೆನ್ಸಿಗೆ ಸೇರುವಂತಿಲ್ಲ’ ಅನ್ನುವ ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ಮೇಲೂ ಕಟ್ಟಿಹಾಕುವ ಇಂಥ ಷರತ್ತು ನಿಲ್ಲುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ ಮಾರ್ಕ್ ಕಂಪನಿಯ ನಡುವಿನ ಕೇಸಿನಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಎರಡು, ಬಾಂಡು. ಇದನ್ನು ಹಗುರವಾಗಿ ತಗೋಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಕೇಸಿನಲ್ಲಿ, ಮೂರು ವರ್ಷ ತುಂಬುವ ಮುಂಚೆ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನುವ ಷರತ್ತನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕು, ಪರೀಕ್ಷೆ, ನೇಮಕಾತಿ ಖರ್ಚು ಅಂತೆಲ್ಲ ಲೆಕ್ಕ ಇತ್ತು. ನಿಮಗೆ ಟ್ರೈನಿಂಗೇ ಕೊಡದ ಸ್ಟುಡಿಯೊ 5 ಲಕ್ಷ ಕೇಳಿದರೆ ಅದು ಬೇರೆ ಮಾತು, ಆದರೂ ವಕೀಲರಿಗೆ ತೋರಿಸಿ. ಮೂರು, ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇಟ್ಟುಕೊಳ್ಳುವುದು. ಸೇರುವಾಗಲೇ ಕೊಡಬೇಡಿ, ತೋರಿಸಿ ವಾಪಸ್ ತಗೊಳ್ಳಿ.

ದುಡ್ಡಿನ ವಿಷಯಕ್ಕೆ ಬಂದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ನೀವೇ ಬಿಟ್ಟರೂ ಅವರೇ ತೆಗೆದರೂ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಬರಬೇಕು. 45 ದಿನ, 60 ದಿನ ಅಂತ ಹಳೆಯ ರಾಗ ಹಾಡಿದರೆ ಇದನ್ನು ಮೇಲ್‌ನಲ್ಲಿ ಸಭ್ಯವಾಗಿ ನೆನಪಿಸಿ. ಯುಎಎನ್ (ನಿಮ್ಮ ಪಿಎಫ್ ನಂಬರು) ಪಾಸ್‌ಬುಕ್ ತೆರೆದು ಪ್ರತಿ ತಿಂಗಳ ಪಿಎಫ್ ನಿಜವಾಗಿ ಜಮಾ ಆಗಿದೆಯಾ ನೋಡಿ. ನಿಮ್ಮ ಸಂಬಳದಿಂದ ಹಿಡಿದು ಕಟ್ಟದೇ ಇರುವುದು ಅಪರಾಧ. ಗ್ರಾಚ್ಯುಯಿಟಿಗೆ ಸಾಮಾನ್ಯವಾಗಿ ಐದು ವರ್ಷ ಬೇಕು, ನಾಲ್ಕೂವರೆ ಆಗಿದ್ದರೆ ಬಿಡುವ ಮುಂಚೆ ಕ್ಯಾಲೆಂಡರ್ ನೋಡಿ. ನಿಶ್ಚಿತ ಅವಧಿಯ ಕರಾರಿನವರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು.

ಬಿಟ್ಟ ರಾತ್ರಿ ಲಿಂಕ್ಡ್‌ಇನ್‌ನಲ್ಲಿ ಹೆಸರು ಹಾಕಿ ಬರೆಯಬೇಕು ಅಂತ ಕೈ ಕಡಿಯುತ್ತದೆ. ನನಗೂ ಕಡಿದಿತ್ತು, ಎಂಟು ಪ್ಯಾರಾ ಬರೆದಿದ್ದೆ. ಮಾನಹಾನಿ ಈಗಲೂ ಕ್ರಿಮಿನಲ್ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಎರಡು ವರ್ಷದ ತನಕ ಜೈಲು. ನಿಜ ಅಂದರೆ ಮಾತ್ರ ಸಾಲದು, ಸಾರ್ವಜನಿಕರ ಒಳಿತಿಗಾಗಿ ಹೇಳಿದ್ದು ಅಂತಲೂ ತೋರಿಸಬೇಕು. ಬಾಯಿ ಮುಚ್ಚಿಕೊಂಡಿರಿ ಅಂತ ಹೇಳುತ್ತಿಲ್ಲ. ಮುಂದೆ ಅಲ್ಲಿಗೆ ಸೇರುವವರು ಫೋನ್ ಮಾಡಿ ಕೇಳಿದರೆ ನೋಟ್‌ಬುಕ್ ತೆಗೆದು, ಆದದ್ದನ್ನು ಆದ ಹಾಗೆ ಹೇಳಿ. ನಾನು ಇವತ್ತಿನ ತನಕ ನಾಲ್ಕು ಜನರಿಗೆ ಹೇಳಿದ್ದೇನೆ, ಇಬ್ಬರು ಸೇರಲಿಲ್ಲ. ನೀವೂ ಹೊಸ ಕಡೆ ಸೇರುವ ಮುಂಚೆ ಹೀಗೇ ಕೇಳಿ, ‘ಈ ಸೀಟಿನಲ್ಲಿ ನನ್ನ ಮುಂಚೆ ಯಾರಿದ್ದರು, ಎಷ್ಟು ತಿಂಗಳಿದ್ದರು?’ ಅಂತ. ಇಂಟರ್ವ್ಯೂ ಮಾಡುವವರು ಮುಖ ಮುಖ ನೋಡಿಕೊಂಡರೆ ಅಲ್ಲೇ ಅರ್ಥವಾಗುತ್ತದೆ.

ಕೊನೆಯ ದಿನ ರಿಲೀವಿಂಗ್ ಲೆಟರ್, ಅನುಭವ ಪತ್ರ, ಮೂರು ತಿಂಗಳ ಪೇ ಸ್ಲಿಪ್, ಫಾರಂ 16 ಯಾವಾಗ ಬರುತ್ತದೆ ಅನ್ನುವ ಮೇಲ್, ಇಷ್ಟು ಕೈಯಲ್ಲಿರಲಿ. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಐಡಿ ಕಾರ್ಡು ವಾಪಸ್ ಕೊಡುವಾಗ ಫೋಟೊ ತೆಗೆದು, ಪಡೆದವರಿಂದ ಸಹಿ ತಗೊಳ್ಳಿ. ಚಾರ್ಜರಿಗೂ ತಗೊಳ್ಳಿ. ಅದೊಂದನ್ನು ನಾನು ಮರೆತೆ, ಸೆಟಲ್‌ಮೆಂಟಿನಲ್ಲಿ 1,800 ರೂಪಾಯಿ ಹಿಡಿದಿದ್ದರು.